ಚೆಂಡನ್ನು ಬಿಡದೆ ವೈದ್ಯರಾದವರು

“ಮಗಳು ಡಾಕ್ಟರಳಾಗಬೇಕು, ಅವಳನ್ನು ಆಟದಿಂದ ಬಿಡಿಸಿರಿ, ಅಮ್ಮನವರೇ” ಎಂದು ಆಳಂದ, ಅಫಜಲಪುರ, ಜೇವರ್ಗಿಗಳ ಪೋಷಕರು ನಮ್ಮಲ್ಲಿ ವಿನಂತಿಸುವದುಂಟು. ಅವರ ಚಿಂತೆಯು ಹುಸಿಯಲ್ಲ. ಕಲಬುರಗಿಯಲ್ಲಿ 1963ರಿಂದಲೂ ವೈದ್ಯಕೀಯ ಕಾಲೇಜು ಇದ್ದರೂ ಅಲ್ಲಿ ಸ್ಥಳ ದೊರಕುವದು ಸುಲಭವಲ್ಲ. ಆದರೆ ಆಟವನ್ನೂ ವೈದ್ಯವಿದ್ಯೆಯನ್ನೂ ಕೂಡಿಯೇ ಸಾಧಿಸಿದ ಒಬ್ಬರ ಸಂಗತಿಯನ್ನು ಪೋಷಕರೂ ನಮ್ಮ ಹಳೆಯ ವಿದ್ಯಾರ್ಥಿನಿಯರೂ ತಿಳಿಯಬೇಕೆಂದು ಇದನ್ನು ಬರೆಯುತ್ತೇನೆ.

ಅವರು ಡಾಕ್ಟರ್ ತಾಲಿಮೆರೆನ್ ಆವೋ. ನಾಗಾ ಬೆಟ್ಟಗಳ ಚಾಂಗ್ಕಿ ಗ್ರಾಮದಲ್ಲಿ 1918ರಲ್ಲಿ ಹುಟ್ಟಿದರು, ತಂದೆ ಸಭಾಪಾಲಕರು. ಚೆಂಡು ಕೊಳ್ಳಲು ಹಣವಿಲ್ಲದ ಹುಡುಗರು ಚಿಂದಿಬಟ್ಟೆಗಳನ್ನು ಸುತ್ತಿ ಕಟ್ಟಿ ಒದೆಯುತ್ತಿದ್ದರು. ಮಗನು ವೈದ್ಯನಾಗಿ ಸ್ವಜನರ ಸೇವೆ ಮಾಡಬೇಕೆಂಬದು ತಂದೆಯ ಆಸೆ. ಅದನ್ನು ತಿಳಿಸಿ ತಂದೆಯು 1935ರಲ್ಲಿ ತೀರಿಹೋದರು.

ಬೆಟ್ಟದ ಹುಡುಗನು ಗುವಾಹಟಿಯ ಕಾಟನ್ ಕಾಲೇಜಿನಲ್ಲಿಯೂ ಬಳಿಕ ಕಲಕತ್ತೆಯ ಕಾರ್ಮೈಕೆಲ್ ವೈದ್ಯಕೀಯ ಕಾಲೇಜಿನಲ್ಲಿಯೂ ಓದಿದನು. ಕಲಕತ್ತೆಯಲ್ಲಿ ಓದುತ್ತಲೇ ಮೋಹನ್ ಬಾಗಾನ್ ತಂಡದ ಪರವಾಗಿ ಆಡಿ ಹೆಸರಾದನು. 1948ರಲ್ಲಿ ಲಂಡನ್ ಒಲಿಂಪಿಕ್ಸಿಗೆ ಹೋದ ಭಾರತದ ಕಾಲ್ಚೆಂಡಾಟದ ತಂಡಕ್ಕೆ ಇವರೇ ನಾಯಕರು. ಆರಂಭದ ಮೆರವಣಿಗೆಯಲ್ಲಿ ಸ್ವತಂತ್ರ ಭಾರತದ ಧ್ವಜವನ್ನು ಹಿಡಿದವರೂ ಇವರೇ. ಆಗ ಇನ್ನೂ ವೈದ್ಯ ಪದವಿಯು ಬಂದಿರಲಿಲ್ಲ! ಜುಲೈ 31ರಂದು ಫ್ರಾನ್ಸಿನ ಎದುರು ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿಯೇ ಆಡಿದರು. ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್ ಒಂದು ಗೋಲು ಹೊಡೆದರು. ಒಲಿಂಪಿಕ್ಸಿನಲ್ಲಿ ಭಾರತದ ಮೊದಲನೆಯ ಗೋಲು ಅದು. ಆದರೆ ದೊರೆತ ಎರಡು ಪೆನಾಲ್ಟಿಗಳೂ ವ್ಯರ್ಥವಾಗಿ 1–2ರಿಂದ ಸೋಲಾಯಿತು.

ಪದವಿಯು ಕೈಸೇರಿದ್ದು 1950ರಲ್ಲಿ, 32ನೆಯ ವಯಸ್ಸಿನಲ್ಲಿ. ಹದಿನೆಂಟಕ್ಕೆ ಸ್ಥಳ ಸಿಗದಿದ್ದರೆ ಎಲ್ಲವೂ ಮುಗಿಯಿತೆಂದು ಮಗಳೆದುರು ಅಳುವ ತಾಯಂದಿರು ಈ ಅಂಕಿಯನ್ನು ಎರಡು ಸಲ ಓದಲಿ.

ಕಲಕತ್ತೆಯ ಕೀರ್ತಿಯನ್ನು ಅಲ್ಲಿಯೇ ಬಿಟ್ಟು ಅವರು ಈಶಾನ್ಯಕ್ಕೆ ಮರಳಿ, 1953ರಲ್ಲಿ ಕೊಹಿಮಾದ ಆಸ್ಪತ್ರೆಯನ್ನು ಸೇರಿದರು. ನಾಗಾಲ್ಯಾಂಡ್ ರಾಜ್ಯವಾದ ಮೇಲೆ ಅಲ್ಲಿಯ ಆರೋಗ್ಯ ಇಲಾಖೆಯ ನಿರ್ದೇಶಕರಾಗಿದ್ದು 1978ರಲ್ಲಿ ನಿವೃತ್ತರಾದರು, 1998ರಲ್ಲಿ ತೀರಿಕೊಂಡರು. ತಂದೆಯ ಆಸೆಯು ಅಕ್ಷರಶಃ ನೆರವೇರಿತ್ತು.

“ಅದು ಗಂಡಸರ ಮಾತಾಯಿತು” ಎನ್ನುವವರೂ ಇರುವರು. ಅಮೇರಿಕದ ಟೆನ್ಲಿ ಆಲ್ಬ್ರೈಟ್ ಎಂಬಾಕೆಗೆ ಬಾಲ್ಯದಲ್ಲಿ ಪೋಲಿಯೋ ತಗಲಿತ್ತು. ಆಕೆಯು ಗುಣಹೊಂದಿ, 1956ರ ಚಳಿಗಾಲದ ಒಲಿಂಪಿಕ್ಸಿನಲ್ಲಿ ಹಿಮದ ಮೇಲಣ ಜಾರಾಟಕ್ಕೆ ಚಿನ್ನದ ಪದಕವನ್ನು ಪಡೆದು, 1961ರಲ್ಲಿ ಹಾರ್ವರ್ಡ್ ವೈದ್ಯಶಾಲೆಯ ಪದವಿಯೊಡನೆ ಹೊರಬಂದು ಶಸ್ತ್ರವೈದ್ಯೆಯಾದರು.