ಎಲ್ಲಕ್ಕೂ ಒಂದೇ ‘ವಾಶ್’

ರಜೆಗೆಂದು ಮಸಗುಪ್ಪಿಗೆ ಬಂದ ಮೊಮ್ಮಗಳು ಇಂಗ್ಲಿಷ್ ಪಾಠ ಓದುತ್ತಿದ್ದಳು. ‘ದಿ ಫ್ಲಡ್ ವಾಶ್ಡ್ ಅವೇ ದಿ ಹೌಸಸ್’ ಎಂಬ ವಾಕ್ಯ ಬಂತು.

“ಅಜ್ಜಾ, ಹೊಳಿ ಬಂದು ಮನಿ ತೊಳೀತಂದ್ರ ಛಲೋನ ಆತಲ್ಲ?” ಎಂದಳು.

ನಗು ಬಂತು. ಮರುಕ್ಷಣವೇ 2019ರ ಆಗಸ್ಟ್ ನೆನಪಾಯಿತು. ಘಟಪ್ರಭೆ ಉಕ್ಕಿ ಹರಿದಾಗ ನಮ್ಮ ಭಾಗದಲ್ಲಿ ಎಷ್ಟೋ ಮನೆಗಳು ಬಿದ್ದವು.

“‘ವಾಶ್’ ಜೋಡಿ ‘ಅವೇ’ ಬಂತಂದ್ರ ಅದು ತೊಳಿಯೂದಲ್ಲವ್ವಾ, ಕೊಚ್ಚಿಕೊಂಡು ಹೋಗೂದು” ಎಂದೆ.

ಮಕ್ಕಳೇ, ಇಂಗ್ಲಿಷಿನಲ್ಲಿ ಬಟ್ಟೆ, ಪಾತ್ರೆ, ಮುಖ, ಕೂದಲು ಎಲ್ಲಕ್ಕೂ ‘ವಾಶ್’ ಒಂದೇ ಸಾಕು. ನಮ್ಮಲ್ಲಿ ಹಾಗಲ್ಲ. ಅರಿವೆ ಒಗೆಯಬೇಕು, ಭಾಂಡೆ ತಿಕ್ಕಬೇಕು, ಮುಖ ತೊಳೆಯಬೇಕು, ತಲೆಗೆ ಎರೆದುಕೊಳ್ಳಬೇಕು. ನಮ್ಮ ಕಡೆ ‘ಒಗೆ’ ಎಂದರೆ ‘ಎಸೆ’ ಎಂಬ ಅರ್ಥವೂ ಇದೆ. ಹೊಳೆದಂಡೆಯಲ್ಲಿ ಅರಿವೆಯನ್ನು ಎತ್ತಿ ಎತ್ತಿ ಕಲ್ಲಿಗೆ ಬಡಿಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ‘ವಾಶ್’ ಬಡ ಪದವಲ್ಲ. ‘ವೈಟ್‌ವಾಶ್’ ಎಂದರೆ ಗೋಡೆಗೆ ಸುಣ್ಣ ಬಳಿಯುವುದು. ತಪ್ಪನ್ನು ಮುಚ್ಚಿಹಾಕುವುದೂ ಹೌದು. ‘ಬ್ರೇನ್‌ವಾಶ್’ ಚೀನೀ ಭಾಷೆಯ ಮಾತಿನ ಅನುವಾದವಾಗಿ 1950ರ ಸುಮಾರಿಗೆ ಇಂಗ್ಲಿಷಿಗೆ ಬಂದದ್ದು. ಇಂಗ್ಲಿಷಿನವರು ಒಂದು ಕೆಲಸದಿಂದ ‘ಕೈ ತೊಳೆದುಕೊಂಡರು’ ಎಂದರೆ ಇನ್ನು ಅದರ ಗೊಡವೆ ಬೇಡ ಎಂದರ್ಥ. ನಾವು ‘ಕೈ ತೊಳೆದುಕೊಂಡು ಬೆನ್ನು ಹತ್ತಿದ’ ಎಂದರೆ ಬಿಡುವ ಮಾತೇ ಇಲ್ಲ!

ಬ್ಯಾಂಕಿನಲ್ಲಿದ್ದ ನಮಗೆ ‘ಮನಿ ಲಾಂಡರಿಂಗ್’ ಎಂಬ ಮಾತು ಚೆನ್ನಾಗಿ ಗೊತ್ತು. ಅಡ್ಡದಾರಿಯ ಹಣಕ್ಕೆ ನೇರ ದಾರಿಯ ಬಣ್ಣ ಕೊಡುವುದು, ಅಂದರೆ ಹಣವನ್ನೇ ಒಗೆಯುವುದು. ಅದನ್ನು ತಡೆಯುವ 2002ರ ಕಾಯ್ದೆ 2005ರ ಜುಲೈ 1ರಂದು ಜಾರಿಗೆ ಬಂತು. ಕನ್ನಡ ಪತ್ರಿಕೆಗಳು ಇದನ್ನು ‘ಅಕ್ರಮ ಹಣ ವರ್ಗಾವಣೆ’ ಎನ್ನುತ್ತವೆ. ಒಗೆಯುವ ಚಿತ್ರ ಅಲ್ಲಿ ಉಳಿಯಲಿಲ್ಲ.

ಈಗ ಮನೆಮನೆಯಲ್ಲೂ ‘ಬಟ್ಟೆ ವಾಶ್ ಮಾಡು, ಪಾತ್ರೆ ವಾಶ್ ಮಾಡು’ ಎಂಬುದೇ ರೂಢಿ. ಆದರೆ ನೆರೆ ಇಳಿದ ಮೇಲೆ ನಾವು ಮನೆಗೆ ಮರಳಿದಾಗ ಆ ಒಂದು ಪದ ಸಾಲುತ್ತಿರಲಿಲ್ಲ. ಸಲಿಕೆಯಿಂದ ರಾಡಿ ಎತ್ತಿ ಹಾಕಿದೆವು, ಗೋಡೆ ಉಜ್ಜಿದೆವು, ಹಾಸಿಗೆ ಒಗೆದೆವು, ಭಾಂಡೆ ತಿಕ್ಕಿದೆವು, ಕೊನೆಗೆ ನೆಲ ಸಾರಿಸಿದೆವು. ಒಂದೊಂದು ಕೆಲಸಕ್ಕೂ ಒಂದೊಂದು ಮಾತು.

ಇದನ್ನೆಲ್ಲ ಕೇಳಿದ ಮೊಮ್ಮಗಳು ಸುಮ್ಮನೆ ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಹಿತ್ತಿಲಿನಿಂದ ದನಿ ಕೇಳಿಸಿತು: “ಅಜ್ಜೀ, ನೀ ಅರಿವಿ ಒಗಿ, ನಾ ಭಾಂಡೆ ತಿಕ್ಕತೇನಿ!”