ಹೊಳೆಸಾಲಿಗೆ ಹೊರಟ ಗಾಡಿ

ನೆರೆ ಬಂದಾಗ ಪರಿಹಾರದ ಗಾಡಿಗಳು ಮೊದಲು ನಿಲ್ಲುವುದು ಡಾಂಬರು ರಸ್ತೆ ಪಕ್ಕದ ಊರಲ್ಲಿ. 2019ರ ಆಗಸ್ಟ್‌ನಲ್ಲಿ ನರಗುಂದ ದಾಟಿದ ಮೇಲೆ ನಾವು ಕಂಡದ್ದೂ ಅದನ್ನೇ. ಮಲಪ್ರಭೆ ಉಕ್ಕಿ ಹುಬ್ಬಳ್ಳಿ–ವಿಜಯಪುರ ರಸ್ತೆ ಕೊಣ್ಣೂರಿನ ಹತ್ತಿರ ಬಂದ್ ಆಗಿತ್ತು. ದೂರದಿಂದ ಬಂದವರು ಅಲ್ಲೇ ಸರಕು ಇಳಿಸಿ ಗಾಡಿ ತಿರುಗಿಸುತ್ತಿದ್ದರು. ಅವರದು ತಪ್ಪೆನ್ನಲಾರೆ. ಎರೆಮಣ್ಣಿನ ಹೊಲದ ದಾರಿಯಲ್ಲಿ ಮಳೆ ಬಿದ್ದ ಮೇಲೆ ಲಾರಿ ಹೂತರೆ ಎಬ್ಬಿಸುವವರಿಲ್ಲ. ಆದರೆ ಆ ದಾರಿಯ ತುದಿಯಲ್ಲೂ ಊರುಗಳಿವೆ.

ನಾವು ಹುಬ್ಬಳ್ಳಿಯ ನಾಲ್ವರು ಗೆಳೆಯರು. ಒಬ್ಬನದು ದುರ್ಗದ ಬೈಲಿನಲ್ಲಿ ಕಿರಾಣಿ ಅಂಗಡಿ, ಒಬ್ಬನದು ಔಷಧದ ಅಂಗಡಿ, ಮತ್ತೊಬ್ಬ ಟಾಟಾ ಏಸ್ ಇಟ್ಟುಕೊಂಡು ಬಾಡಿಗೆ ಹೊಡೆಯುವವನು, ನಾನು ಹೈಸ್ಕೂಲು ಮಾಸ್ತರ. ಹೊಳೆಸಾಲಿನ ಒಂದು ಹಳ್ಳಿಯ ಶಾಲೆಯ ಹೆಡ್‌ಮಾಸ್ತರರ ಪರಿಚಯ ನನಗಿತ್ತು. ಗಾಡಿ ತುಂಬುವ ಮೊದಲು ಅವರಿಗೆ ಫೋನ್ ಹಚ್ಚಿ, ಏನು ಬೇಕು ಎಂದು ಕೇಳಿದೆವು. ಅವರು ಹೇಳಿದ ಮೊದಲ ಮಾತು, “ಅರಬಿ ತರಬ್ಯಾಡ್ರಿ ಸರ. ಇಡಾಕ ಜಾಗ ಇಲ್ಲ.”

ಹೋಗಿ ನೋಡಿದರೆ ಶಾಲೆಯ ಒಂದು ಕೋಣೆ ಪೂರ್ತಿ ಹಳೆ ಬಟ್ಟೆ. ಹರಿದ ಜೀನ್ಸು, ಗುಂಡಿ ಕಿತ್ತ ಅಂಗಿ, ಮದುವೆಯಲ್ಲಿ ಬಂದು ಯಾರೂ ಉಡದೆ ಉಳಿದ ಸೀರೆ. ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟು ಬಂದ ಹೆಣ್ಣುಮಕ್ಕಳಿಗೆ ಬೇಕಿದ್ದದ್ದು ಹೊಸ ಒಳಉಡುಪು ಮತ್ತು ಸ್ಯಾನಿಟರಿ ಪ್ಯಾಡ್. ಅದನ್ನು ಅವರು ನಮ್ಮೆದುರು ಬಾಯಿಬಿಟ್ಟು ಕೇಳಲಿಲ್ಲ, ಅಂಗನವಾಡಿ ಟೀಚರ ಕೈಯಲ್ಲಿ ಚೀಟಿ ಬರೆಸಿ ಕೊಟ್ಟರು.

ಊಟದ ಮಾತಿಗೆ ಬಂದರೆ, ನಮ್ಮ ಕಡೆಯ ಕಟಕ ರೊಟ್ಟಿಗೆ ಸಮನಾದ ಪರಿಹಾರ ಸಾಮಗ್ರಿ ಇನ್ನೊಂದಿಲ್ಲ. ಮಳೆಗಾಲದ ತೇವಕ್ಕೆ ಚಪಾತಿ ಎರಡನೇ ದಿನಕ್ಕೇ ಬೂಸಲು ಹಿಡಿಯುತ್ತದೆ, ಅನ್ನ ಸಂಜೆಯೊಳಗೆ ಹಳಸುತ್ತದೆ. ಹಂಚಿನ ಮೇಲೆ ಒಣಗಿಸಿದ ಜೋಳದ ರೊಟ್ಟಿ, ಗಾಳಿಯಾಡದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ, ವಾರಗಟ್ಟಲೆ ಇರುತ್ತದೆ. ಜೊತೆಗೆ ಶೇಂಗಾ ಹಿಂಡಿ ಇದ್ದರೆ ಒಲೆ ಹೊತ್ತಿಸುವ ಪ್ರಶ್ನೆಯೇ ಇಲ್ಲ. ಓಣಿಯ ತಾಯಂದಿರು ರಾತ್ರಿ ಕುಳಿತು ಬಡಿದು ಕೊಟ್ಟ ರೊಟ್ಟಿಯ ಕಟ್ಟುಗಳೇ ಗಾಡಿಯ ಅರ್ಧ ತುಂಬಿದ್ದವು.

ಇಷ್ಟಾದರೂ ಒಬ್ಬ ಅಜ್ಜ ನಮ್ಮ ಕಿಟ್ ಮುಟ್ಟಲಿಲ್ಲ. ಶಾಲೆಯ ಕಂಪೌಂಡಿಗೆ ಎರಡು ಎಮ್ಮೆ ಕಟ್ಟಿಕೊಂಡು ಕುಳಿತಿದ್ದ. “ತಮ್ಮಾ, ನಮ್ದು ಹೆಂಗರ ನಡೀತೈತಿ. ಈ ಮೂಕ ಜೀವಕ್ಕ ಏನ್ ಹಾಕ್ಲಿ?” ಎಂದ. ಹಿತ್ತಲಿನ ಬಣವೆಗಳೆಲ್ಲ ಹೊಳೆ ಪಾಲಾಗಿದ್ದವು. ಅಳಿದುಳಿದ ಮೇವಿಗೆ ಕೆಸರು ಮೆತ್ತಿ ದನ ಮೂಸಿ ಬಿಡುತ್ತಿದ್ದವು. ನೀರು ಏರುವಾಗ ಜನ ಮನೆ ಬಿಡಲು ಯಾಕೆ ಒಪ್ಪುವುದಿಲ್ಲ ಎಂದು ಟಿವಿಯಲ್ಲಿ ಕೇಳುವವರಿಗೆ ಆ ಕಂಪೌಂಡಿನಲ್ಲಿ ಉತ್ತರವಿತ್ತು. ದನಕ್ಕೆ ಜಾಗವಿಲ್ಲದ ಪರಿಹಾರ ಕೇಂದ್ರಕ್ಕೆ ರೈತ ಬರಲೊಲ್ಲ. ಮುಂದಿನ ಸಲ ಗಾಡಿಯಲ್ಲಿ ಕಿಟ್ ಕಡಿಮೆ ಮಾಡಿ ಕುಂದಗೋಳ ಕಡೆಯ ಕಣಕಿ, ಕಲಘಟಗಿ ಕಡೆಯ ಭತ್ತದ ಹುಲ್ಲು ಹೇರಿದೆವು. ಡಾಂಬರು ಮುಗಿದಲ್ಲಿಂದ ಆ ಊರಿನವರದೇ ಟ್ರ್ಯಾಕ್ಟರ್.

ಈ ಹೊಳೆಯ ಸ್ವಭಾವವನ್ನೂ ಹೇಳಬೇಕು. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಪಶ್ಚಿಮಘಟ್ಟದ ಜಡಿಮಳೆಯಲ್ಲಿ. ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಅದಕ್ಕೆ ಅಣೆಕಟ್ಟು. ಮಳೆ ಕಡಿಮೆಯಾದ ವರ್ಷಗಳಲ್ಲಿ ಅಣೆಕಟ್ಟಿನ ಕೆಳಗೆ ಹೊಳೆ ಬತ್ತಿ ಮಲಗುತ್ತದೆ. ಪಾತ್ರದಲ್ಲಿ ಜಾಲಿಕಂಟಿ ಬೆಳೆಯುತ್ತದೆ, ದಂಡೆಯ ಕಬ್ಬು ವರ್ಷವರ್ಷ ಒಳಕ್ಕೆ ಸರಿಯುತ್ತದೆ. ಘಟ್ಟದಲ್ಲಿ ಎಡೆಬಿಡದೆ ಸುರಿದು ಜಲಾಶಯ ತುಂಬಿ ಗೇಟು ಎತ್ತಿದಾಗ, ಆ ನೀರು ಹಿಡಿಸುವಷ್ಟು ಅಗಲ ಹೊಳೆಗೆ ಉಳಿದಿರುವುದಿಲ್ಲ. ಆ ವರ್ಷ ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೂ ನೀರು ಬಂತು. 2009ರ ನೆರೆಯ ನಂತರ ಸರ್ಕಾರ ಎತ್ತರದ ಜಾಗದಲ್ಲಿ ‘ಆಸರೆ’ ಮನೆಗಳನ್ನು ಕಟ್ಟಿಸಿತ್ತು. ದನ ಕಟ್ಟಲು ಸ್ಥಳವಿಲ್ಲ, ಹೊಲ ದೂರ ಎಂದು ಎಷ್ಟೋ ಮಂದಿ ಹಳೆ ಊರಿಗೇ ಮರಳಿದ್ದರು. ಹತ್ತು ವರ್ಷಕ್ಕೆ ಹೊಳೆ ಮತ್ತೆ ಬಂತು.

ಹಂಚುವ ರೀತಿಯ ಬಗ್ಗೆ ನನಗೆ ಖಡಾಖಂಡಿತ ಅಭಿಪ್ರಾಯವಿದೆ. ಗಾಡಿಯ ಮೇಲೆ ನಿಂತು ಪೊಟ್ಟಣ ಎಸೆಯಬಾರದು. ಗಟ್ಟಿಗರು ಹಿಡಿಯುತ್ತಾರೆ, ಬಾಣಂತಿ, ಮುದುಕಿ ಬರಿಗೈಲಿ ಹೋಗುತ್ತಾರೆ. ಹೆಡ್‌ಮಾಸ್ತರರು ಮನೆವಾರು ಪಟ್ಟಿ ಮಾಡಿ ಚೀಟಿ ಕೊಟ್ಟಿದ್ದರು. ಚೀಟಿ ಇದ್ದವರು ಕೋಣೆಯೊಳಗೆ ಬಂದು ಕುಳಿತು ತೆಗೆದುಕೊಂಡು ಹೋದರು. ಕೊಡುವಾಗ ಯಾರ ಫೋಟೋವನ್ನೂ ತೆಗೆಯಲಿಲ್ಲ.

ನೀರು ಇಳಿದ ಮೇಲೆ ಗಾಡಿಗಳು ಬರುವುದು ನಿಂತಿತು. ನಮ್ಮ ಮಟ್ಟಿಗೆ ನಿಜವಾದ ಕೆಲಸ ಶುರುವಾದದ್ದೇ ಆಗ. ಮನೆಯೊಳಗೆ ಮೊಣಕಾಲುದ್ದ ಹೂಳು. ಈಗ ಬೇಕಾದದ್ದು ಸಲಿಕೆ, ಬುಟ್ಟಿ, ಕಸಬರಿಗೆ, ಬ್ಲೀಚಿಂಗ್ ಪೌಡರ್. ಅದಕ್ಕಿಂತ ಹೆಚ್ಚಾಗಿ, ಕಾಗದಪತ್ರ. ತಕ್ಷಣದ ನೆರವಾಗಿ ಸರ್ಕಾರ ಕುಟುಂಬಕ್ಕೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತ್ತು. ಹಾನಿಯನ್ನು ಎ, ಬಿ, ಸಿ ಎಂದು ದರ್ಜೆ ಮಾಡುತ್ತಿದ್ದರು. ಆಧಾರ್ ಕಾರ್ಡು, ಪಾಸ್‌ಬುಕ್ಕು ಎಲ್ಲ ತೊಯ್ದು ಮುದ್ದೆಯಾದವರು ಅರ್ಜಿಗೆ ಏನು ಲಗತ್ತಿಸಬೇಕು? ಔಷಧ ಅಂಗಡಿಯ ಗೆಳೆಯ ಪಾಸ್‌ಬುಕ್ಕಿನ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ, ಟವೆಲಿನ ಮೇಲೆ ಹರವಿ, ಖಾತೆ ನಂಬರು ಕಾಣುವಂತೆ ಒಣಗಿಸಿದ. ಅರ್ಜಿ ನಾನು ಬರೆದೆ.

ಆ ಹಳ್ಳಿಯ ಬಹುಪಾಲು ಮನೆಗಳ ಗೋಡೆ ಮಣ್ಣಿನದು, ಮಾಳಿಗೆಯ ಮೇಲ್ಮುದ್ದೆಯೂ ಮಣ್ಣಿನದೇ. ಇಂಥ ಗೋಡೆ ನೀರಲ್ಲಿ ನೆನೆದಾಗ ನಿಂತೇ ಇದ್ದು, ಬಿಸಿಲಿಗೆ ಒಣಗುತ್ತ ಬಂದಂತೆ ಬಿರಿದು ಕುಸಿಯುವುದುಂಟು. ಸಮೀಕ್ಷೆಗೆ ಬಂದವರು ನೋಡಿದ ದಿನ ಗೋಡೆ ನಿಂತಿದ್ದರೆ ಮನೆ ಕೆಳದರ್ಜೆಗೆ ಬೀಳುತ್ತಿತ್ತು. ಅದಕ್ಕೇ ಪ್ರತಿ ಭಾನುವಾರ ಮನೆಮನೆಗೆ ಹೋಗಿ, ಬಿರುಕಿನ ಪಕ್ಕ ಮನೆಯವರನ್ನು ನಿಲ್ಲಿಸಿ, ದಿನಾಂಕ ಬರುವಂತೆ ಫೋಟೋ ಹಿಡಿದೆವು. ಕೆಲವರ ದರ್ಜೆ ಮರುಪರಿಶೀಲನೆಯಲ್ಲಿ ಬದಲಾಯಿತು, ಕೆಲವರದು ಆಗಲಿಲ್ಲ. ಆ ಫೋಟೋಗಳನ್ನು ಈಗಲೂ ಅಳಿಸಿಲ್ಲ. ಕಚೇರಿಗೆ ಬೇಕಂತೆ ಎಂದು ಯಾರಾದರೂ ಫೋನ್ ಮಾಡಿದರೆ ಹುಡುಕಿ ಕಳಿಸುತ್ತೇವೆ.