ಎರಡು ಹೊಲಿಗೆಯ ಬೂಟು

ಆಸ್ಟ್ರಿಯಾದ ಸಾಲ್ಸ್‌ಕಾಮರ್‌ಗುಟ್ ಸೀಮೆಯಲ್ಲಿ, ಹಾಲ್‌ಸ್ಟಾಟ್ ಸರೋವರದಿಂದ ತುಸು ಉತ್ತರಕ್ಕೆ ಬಾಡ್ ಗೊಯ್ಸರ್ನ್ ಎಂಬ ಸಣ್ಣ ಊರಿದೆ. ಅಲ್ಲಿ ಹುಟ್ಟಿದ ಒಂದು ಬೂಟಿಗೆ ಊರಿನ ಹೆಸರೇ ನಿಂತಿದೆ. ಅದು ಗೊಯ್ಸರರ್. ಮರ ಕಡಿಯುವವರು, ಉಪ್ಪಿನ ಗಣಿಯ ಆಳುಗಳು, ಕಾಡು ಕಾಯುವವರು, ಬೇಟೆಗಾರರು ವರ್ಷವಿಡೀ ಕಲ್ಲು, ಕೆಸರು, ಹಿಮದ ಮೇಲೆ ಓಡಾಡುವ ನಾಡು ಅದು. ಅವರ ಕಾಲಿಗಾಗಿ 19ನೇ ಶತಮಾನದ ಉತ್ತರಾರ್ಧದಲ್ಲಿ ಊರಿನ ಕುಶಲಕರ್ಮಿಗಳು ದಪ್ಪ ಚರ್ಮ, ಎರಡು ಸಾಲು ಹೊಲಿಗೆ ಮತ್ತು ಕಬ್ಬಿಣದ ಮೊಳೆ ಬಡಿದ ಅಟ್ಟೆಯ ಈ ಬೂಟನ್ನು ರೂಪಿಸಿದರು. ಇಂದಿಗೂ ಅಲ್ಲಿ ಕಾಲಿನ ಅಳತೆ ಕೊಟ್ಟು, ತಿಂಗಳುಗಟ್ಟಲೆ ಕಾದು, ಕೈಹೊಲಿಗೆಯ ಜೋಡಿಯನ್ನು ಪಡೆಯುವವರಿದ್ದಾರೆ.

ಗೊಯ್ಸರ್ನ್‌ನಿಂದ ಬಾಡ್ ಇಶ್ಲ್ ದೂರವೇನಿಲ್ಲ. ಚಕ್ರವರ್ತಿ ಫ್ರಾನ್ಸ್ ಯೋಸೆಫ್ ತನ್ನ ಬೇಸಿಗೆಗಳನ್ನು ಕಳೆದದ್ದು ಅಲ್ಲಿ. 1914ರ ಜುಲೈ 28ರಂದು ಸರ್ಬಿಯಾದ ಮೇಲಿನ ಯುದ್ಧಘೋಷಣೆಗೆ ಆತ ಸಹಿ ಹಾಕಿದ್ದೂ ಅಲ್ಲಿನ ತನ್ನ ಬಂಗಲೆಯಲ್ಲೇ. ಆ ಬಂಗಲೆಯ ಗೋಡೆಗಳ ತುಂಬ ಈಗಲೂ ಕೊಂಬುಗಳು ತೂಗುತ್ತಿವೆ. ಹೆಚ್ಚಿನವು ‘ಗಾಮ್ಸ್’ ಎಂದು ಅಲ್ಲಿನವರು ಕರೆಯುವ, ಕಡಿದಾದ ಬಂಡೆಗಳ ಮೇಲೆ ಬದುಕುವ ಕಾಡುಮೇಕೆಯವು. ದೊರೆ ಬೇಟೆಗೆ ಹೊರಟಾಗ ತೊಡುತ್ತಿದ್ದುದು ತಮ್ಮೂರಿನ ಬೂಟನ್ನೇ ಎಂದು ಗೊಯ್ಸರ್ನ್‌ನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಬೆಟ್ಟದ ಬೂಟಿನ ಕತೆ ಬೇಟೆಯಿಂದ ಶುರುವಾಗಲು ಕಾರಣವಿದೆ. ಬೂಟಿನಿಂದ ಬೇಟೆಗಾರ ಕೇಳಿದಷ್ಟನ್ನು ಬೇರೆ ಯಾರೂ ಕೇಳಿಲ್ಲ.

ಚಾರಣಿಗ ನಡೆಯುವುದು ಹಾದಿಯ ಮೇಲೆ. ನಡೆಯುತ್ತಲೇ ಇರುವುದರಿಂದ ಅವನ ಕಾಲು ಬೆಚ್ಚಗಿರುತ್ತದೆ. ಬೇಟೆಗಾರ ಹಾದಿ ಬಿಟ್ಟು ಇಳಿಯುತ್ತಾನೆ. ಬೆಳಕು ಹರಿಯುವ ಮೊದಲೇ ಇಬ್ಬನಿ ತುಂಬಿದ ಹುಲ್ಲಿನಲ್ಲಿ ಮೊಣಕಾಲವರೆಗೆ ತೊಯ್ದು ನಡೆಯುತ್ತಾನೆ. ಹುಲ್ಲಿನ ಇಳಿಜಾರನ್ನು ಅಡ್ಡಲಾಗಿ ದಾಟುವಾಗ ಅವನ ಇಡೀ ಭಾರ ಬೂಟಿನ ಒಂದು ಅಂಚಿನ ಮೇಲೆ ನಿಲ್ಲುತ್ತದೆ. ಆಮೇಲೆ ಒಂದೇ ಕಡೆ ಗಂಟೆಗಟ್ಟಲೆ ಅಲುಗಾಡದೆ ಹೊಂಚು ಕೂರಬೇಕು. ಆಗ ಬೆವರಿ ಒದ್ದೆಯಾದ ಕಾಲ್ಚೀಲ ಹಿಮದಷ್ಟೇ ತಣ್ಣಗಾಗುತ್ತದೆ. ಕೊನೆಗೆ ಹೊಡೆದ ಪ್ರಾಣಿಯನ್ನು ಬೆನ್ನಿಗೇರಿಸಿಕೊಂಡು ಇಳಿಯಬೇಕು, ಕಣಕಾಲು ಉಳುಕುವ ಅಪಾಯ ಹೆಚ್ಚಿರುವುದು ಅಲ್ಲೇ. ಎತ್ತರದ ಕತ್ತು, ಸುಲಭಕ್ಕೆ ತಿರುಚದ ಅಟ್ಟೆ, ನೀರು ನುಗ್ಗದಂತೆ ಬೂಟಿಗೇ ಸೇರಿಸಿ ಹೊಲಿದ ನಾಲಿಗೆ, ಉಣ್ಣೆಯ ಕಾಲ್ಚೀಲಕ್ಕೆ ಬಿಟ್ಟ ಜಾಗ, ಎಲ್ಲವೂ ಬಂದದ್ದು ಈ ಅಗತ್ಯಗಳಿಂದ. ಇಂದು ಪರ್ವತ ಚಾರಣಕ್ಕೆಂದು ಮಾರುವ ಚರ್ಮದ ಬೂಟಿನಲ್ಲಿ ಇವೆಲ್ಲ ಇವೆ.

ಎರಡು ಸಾಲಿನ ಹೊಲಿಗೆಯನ್ನು ಸ್ವಲ್ಪ ನಿಂತು ನೋಡಬೇಕು. ಕಾಲಿನ ಆಕಾರದ ಮರದ ಅಚ್ಚಿನ ಮೇಲೆ ಮೇಲ್ಚರ್ಮವನ್ನು ಬಿಗಿಯಾಗಿ ಎಳೆದು ಕೂರಿಸುತ್ತಾರೆ. ಮಾಮೂಲಿ ಶೂನಲ್ಲಿ ಚರ್ಮದ ಅಂಚನ್ನು ಒಳಕ್ಕೆ ಮಡಚಿ ಅಂಟಿನಿಂದ ಅಟ್ಟೆಗೆ ಕೂಡಿಸುವುದು ವಾಡಿಕೆ. ಇಲ್ಲಿ ಅಂಚನ್ನು ಹೊರಕ್ಕೆ ತಿರುಗಿಸುತ್ತಾರೆ. ಮೇಣ ಹಚ್ಚಿದ ಗಟ್ಟಿ ದಾರದ ಮೊದಲ ಹೊಲಿಗೆ ಮೇಲ್ಚರ್ಮವನ್ನು ಒಳಅಟ್ಟೆಗೆ ಅಡ್ಡಲಾಗಿ ಬಿಗಿಯುತ್ತದೆ. ಎರಡನೆಯದು ಹೊರಚಾಚಿದ ಅಂಚನ್ನು ಕೆಳಗಿನ ನಡುಅಟ್ಟೆಗೆ ಮೇಲಿನಿಂದ ಕೆಳಕ್ಕೆ ಹಿಡಿದಿಡುತ್ತದೆ. ಎರಡೂ ಸಾಲು ಹೊರಗೆ ಕಾಣುವುದರಿಂದ ಕೊಳ್ಳುವವನು ಕಣ್ಣಾರೆ ಪರೀಕ್ಷಿಸಬಹುದು. ಅಟ್ಟೆ ಸವೆದರೆ ಕೆಳಗಿನದನ್ನಷ್ಟೇ ಕಿತ್ತು ಹೊಸದನ್ನು ಕೂಡಿಸಿದರಾಯಿತು, ಮೇಲ್ಚರ್ಮಕ್ಕೆ ಕೈ ಹಚ್ಚಬೇಕಿಲ್ಲ. ಬವೇರಿಯಾದಲ್ಲಿ ಹಾನ್ಸ್ ವಾಗ್ನರ್ 1921ರಲ್ಲಿ ಹಾನ್‌ವಾಗ್ ಕಂಪನಿಯನ್ನು, ಅವನ ಸೋದರ ಲೊರೆಂಝ್ ವಾಗ್ನರ್ 1923ರಲ್ಲಿ ಲೋವಾ ಕಂಪನಿಯನ್ನು ಕಟ್ಟಿದಾಗ ಬೆಟ್ಟದ ಬೂಟೆಂದರೆ ಈ ಬಗೆಯ ಹೊಲಿಗೆಯದೇ. ಅದೇ ಬವೇರಿಯಾದ ಮೈಂಡ್ಲ್ ಮನೆತನವಂತೂ ತನ್ನ ಬೂಟಿನ ಕಸುಬನ್ನು 1683ರವರೆಗೆ ಹಿಂದಕ್ಕೆ ಗುರುತಿಸುತ್ತದೆ. ಈಗ ಹೆಚ್ಚಿನ ಬೂಟುಗಳು ಅಂಟಿನವು. ಒಳ್ಳೆಯ ಅಂಟಿನ ಬೂಟು ಹಗುರ, ಬೇಗ ಕಾಲಿಗೆ ಒಗ್ಗುತ್ತದೆ, ಅದನ್ನು ಹಳಿಯಲಾರೆ. ಕೆಲವು ಕಂಪನಿಗಳು ಅಂಥ ಬೂಟಿಗೂ ಹೊಸ ಅಟ್ಟೆ ಹಾಕಿಕೊಡುತ್ತವೆ. ಆದರೆ ಹತ್ತಾರು ವರ್ಷ ಬೆಟ್ಟ ಹತ್ತುವ ಮನಸ್ಸಿದ್ದವರಿಗೆ ನಾನು ಹೊಲಿಗೆಯ ಬೂಟನ್ನೇ ಹೇಳುತ್ತೇನೆ.

ಮೊಳೆಗಳ ಕಾಲ ಮುಗಿದದ್ದು ದುರಂತವೊಂದರಿಂದ. ಮೊಳೆ ಹುಲ್ಲಿನಲ್ಲಿ, ಗಟ್ಟಿ ಹಿಮದಲ್ಲಿ ಚೆನ್ನಾಗಿ ಕಚ್ಚಿಕೊಳ್ಳುತ್ತದೆ, ನಯವಾದ ಬಂಡೆಯ ಮೇಲೆ ಜಾರುತ್ತದೆ. ಲೋಹವಾದ್ದರಿಂದ ಪಾದದ ಬಿಸಿಯನ್ನೂ ಹೊರಕ್ಕೆ ಎಳೆಯುತ್ತದೆ. 1924ರಲ್ಲಿ ಎವರೆಸ್ಟ್‌ನಲ್ಲಿ ಕಣ್ಮರೆಯಾದ ಜಾರ್ಜ್ ಮಲೋರಿಯ ದೇಹ 1999ರ ಮೇ 1ರಂದು ಪತ್ತೆಯಾದಾಗ ಕಾಲಿನಲ್ಲಿ ಇನ್ನೂ ಮೊಳೆಯ ಬೂಟಿತ್ತು. ಆ ಕಾಲದ ಇಟಲಿಯ ಪರ್ವತಾರೋಹಿಗಳು ಬುಡದವರೆಗೆ ಮೊಳೆಯ ಬೂಟಿನಲ್ಲಿ ನಡೆದು, ಬಂಡೆ ಏರುವಾಗ ತೆಳು ಅಟ್ಟೆಯ ಹಗುರ ಮೆಟ್ಟಿಗೆ ಬದಲಾಯಿಸಿಕೊಳ್ಳುತ್ತಿದ್ದರು. 1935ರಲ್ಲಿ ಪುಂಟಾ ರಸಿಕಾ ಶಿಖರದಲ್ಲಿ ಅಂಥದೇ ತಂಡವೊಂದು ಹಿಮಗಾಳಿಗೆ ಸಿಕ್ಕಿಕೊಂಡಿತು. ತೆಳು ಮೆಟ್ಟಿನಲ್ಲಿ ಇಳಿಯಲಾಗದೆ, ಚಳಿ ತಾಳಲಾಗದೆ ಆರು ಮಂದಿ ಸತ್ತರು. ಗೆಳೆಯರನ್ನು ಕಳೆದುಕೊಂಡ ಮಿಲಾನಿನ ವಿಟಾಲೆ ಬ್ರಮಾನಿ ಬಂಡೆಗೂ ಹಿಮಕ್ಕೂ ಒಂದೇ ಅಟ್ಟೆ ಸಾಕಾಗುವ ದಾರಿ ಹುಡುಕತೊಡಗಿದ. ಟೈರ್ ತಯಾರಿಸುವ ಪಿರೆಲ್ಲಿ ಮನೆತನ ನೆರವಿಗೆ ಬಂತು. 1937ರಲ್ಲಿ ಪೇಟೆಂಟ್ ಆದ, ಆಳವಾದ ಗೀರುಗಳ ಅವನ ರಬ್ಬರ್ ಅಟ್ಟೆಯೇ ವಿಬ್ರಾಂ. 1954ರ ಜುಲೈ 31ರಂದು ಕೆ2 ಶಿಖರವನ್ನು ಮೊದಲ ಬಾರಿಗೆ ಏರಿದ ಇಟಲಿಯ ತಂಡದ ಬೂಟುಗಳಿಗೆ ಇದ್ದದ್ದು ಅದೇ ಅಟ್ಟೆ. ಇಂದು ಬೆಂಗಳೂರಿನ ಅಂಗಡಿಯಲ್ಲಿ ಬೂಟು ತಿರುಗಿಸಿ ನೋಡಿದರೆ ಕಾಣುವ ಹಳದಿ ಅಷ್ಟಕೋನದ ಗುರುತಿನ ಹಿಂದೆ ಆ ಆರು ಸಾವುಗಳಿವೆ.

ಇನ್ನು ಚರ್ಮ. ಬೆಟ್ಟದ ಬೂಟಿಗೆ ಬೇಕಾದದ್ದು ಎರಡೂವರೆಯಿಂದ ಮೂರು ಮಿಲಿಮೀಟರ್‌ವರೆಗಿನ ದನದ ಚರ್ಮ, ಅದೂ ಮೇಲಿನ ಪದರವನ್ನು ಉಜ್ಜಿ ತೆಗೆಯದ ಪೂರ್ಣ ಚರ್ಮ. ನಾರುಗಳು ಅತ್ಯಂತ ಒತ್ತಾಗಿ ಹೆಣೆದುಕೊಂಡಿರುವುದು ಆ ಮೇಲ್ಪದರದಲ್ಲಿ. ಅದನ್ನು ಲಘುವಾಗಿ ತೀಡಿ ಮಖಮಲ್ಲಿನಂತೆ ಮಾಡಿದ್ದು ನುಬಕ್. ಗೀರು ಬಿದ್ದರೂ ಎದ್ದು ಕಾಣುವುದಿಲ್ಲವೆಂದು ಬೇಟೆಯ ಬೂಟಿಗೆ ಮೇಣ ಉಣಿಸಿದ ನುಬಕ್ ಬಳಸುತ್ತಾರೆ. ಚರ್ಮವನ್ನು ಸೀಳಿ ತೆಗೆದ ಕೆಳಪದರ ಅಗ್ಗ, ಅದು ನೀರು ಹೀರುತ್ತದೆ. ಬಣ್ಣ ಬಳಿದು ಮೇಲ್ಪದರದಂತೆ ತೋರಿಸುವುದೂ ಇದೆ, ಆದ್ದರಿಂದ ಬೂಟಿನೊಳಗಿನ ಚೀಟಿಯನ್ನು ಓದಿ. ಬೂಟಿನಲ್ಲಿ ತುಂಡುಗಳು ಕಡಿಮೆಯಿದ್ದಷ್ಟೂ ಒಳ್ಳೆಯದು, ಹೊಲಿಗೆ ಇರುವಲ್ಲೇ ನೀರು ಮೊದಲು ನುಸುಳುವುದು. ಹಳೆಯ ಕಾಲದಲ್ಲಿ ಆಲ್ಪ್ಸ್‌ನವರು ಓಕ್ ಮತ್ತು ಸ್ಪ್ರೂಸ್ ಮರಗಳ ತೊಗಟೆಯಲ್ಲಿ ತಿಂಗಳುಗಟ್ಟಲೆ ಚರ್ಮ ಹದ ಮಾಡುತ್ತಿದ್ದರು. ನಮ್ಮ ಸೀಮೆಯವರು ತಂಗಡಿ ತೊಗಟೆ, ಅಳಲೆಕಾಯಿಯಲ್ಲಿ ಮಾಡುತ್ತಿದ್ದುದೂ ಅದೇ ಕೆಲಸ. ಅಥಣಿಯ ಚಪ್ಪಲಿ ಕುಶಲಕರ್ಮಿಗಳಿಗೆ ಈ ಹದದ ಬೆಲೆ ಗೊತ್ತು. ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಅಥಣಿ ಇರುವ ಬೆಳಗಾವಿ ಜಿಲ್ಲೆಯೂ ಸೇರಿದೆ. ಈಗಿನ ಬೂಟುಗಳ ಚರ್ಮ ಹೆಚ್ಚಾಗಿ ಕ್ರೋಮ್ ಲವಣದಲ್ಲಿ ಹದವಾದದ್ದು. ಕೆಲಸ ಬೇಗ ಮುಗಿಯುತ್ತದೆ, ಚರ್ಮ ನೀರನ್ನೂ ಹೆಚ್ಚು ತಡೆಯುತ್ತದೆ.

ನೆಲ ಬದಲಾದರೆ ಬೂಟೂ ಬದಲಾಗಬೇಕು. ಅಮೆರಿಕದ ಮೇನ್ ರಾಜ್ಯದ ಬೇಟೆಗಾರ ಲಿಯಾನ್ ಲಿಯಾನ್‌ವುಡ್ ಬೀನ್‌ನ ಕಷ್ಟ ಬಂಡೆಯದಲ್ಲ, ಜೌಗಿನದು. ಇಡೀ ಚರ್ಮದ ಬೂಟು ಅಲ್ಲಿ ನೀರು ಕುಡಿದು ಭಾರವಾಗುತ್ತಿತ್ತು. ಆತ ಕೆಳಗೆ ರಬ್ಬರ್, ಮೇಲೆ ಹಗುರ ಚರ್ಮ ಕೂಡಿಸಿದ ಬೂಟು ಮಾಡಿಸಿ 1912ರಲ್ಲಿ ಅಂಚೆ ಮೂಲಕ ಮಾರಾಟಕ್ಕಿಟ್ಟ. ಮೊದಲ ನೂರು ಜೋಡಿಗಳಲ್ಲಿ 90 ವಾಪಸ್ ಬಂದವು, ರಬ್ಬರಿನಿಂದ ಚರ್ಮ ಕಿತ್ತುಬಂದಿತ್ತು. ಬೀನ್ ಎಲ್ಲರಿಗೂ ಹಣ ಮರಳಿಸಿ, ಸಾಲ ಮಾಡಿ, ಹೊಲಿಗೆ ಸರಿಪಡಿಸಿ ಮತ್ತೆ ಮಾರಿದ. ಆ ಬೂಟು ಈಗಲೂ ಮಾರಾಟವಾಗುತ್ತದೆ. ಜೌಗಿನಲ್ಲಿ ಅದಕ್ಕೆ ಸಾಟಿಯಿಲ್ಲ, ಆಲ್ಪ್ಸ್‌ನ ಬಂಡೆಯ ಮೇಲೆ ಅದು ನಿಲ್ಲುವುದಿಲ್ಲ.

ನೆಲಕ್ಕೆ ತಕ್ಕ ಬೂಟು ಎಂಬುದನ್ನೇ ಜರ್ಮನಿ, ಆಸ್ಟ್ರಿಯಾಗಳ ಅಂಗಡಿಯವರು ಎ, ಬಿ, ಸಿ, ಡಿ ಎಂಬ ದರ್ಜೆಗಳಲ್ಲಿ ಹೇಳುತ್ತಾರೆ. ಕಾಡಿನ ಸರಾಗ ಹಾದಿಗೆ ಎ, ಕಲ್ಲುಹಾದಿಗೆ ಮತ್ತು ಬೆನ್ನಮೇಲೆ ಹೊರೆಯಿದ್ದರೆ ಬಿ, ಹಾದಿಯಿಲ್ಲದ ಎತ್ತರದ ಬೆಟ್ಟಕ್ಕೆ ಸಿ, ಹಿಮನದಿ ಹಾಗೂ ಮಂಜುಗೋಡೆಗೆ ಡಿ. ದರ್ಜೆ ಏರಿದಂತೆ ಅಟ್ಟೆ ಬಿಗಿಯಾಗುತ್ತದೆ, ತೂಕ ಹೆಚ್ಚುತ್ತದೆ. ಅಂಗಡಿಯಲ್ಲಿ ತುದಿ ಮತ್ತು ಹಿಮ್ಮಡಿ ಹಿಡಿದು ಬಗ್ಗಿಸಿ ನೋಡಿದರೆ ದರ್ಜೆ ಕೈಗೇ ತಿಳಿಯುತ್ತದೆ. ಮೇಲ್ದರ್ಜೆಯದೇ ಉತ್ತಮವೆಂದು ಭಾವಿಸಬೇಡಿ. ಕಾಲಿನಲ್ಲಿ ಹೊತ್ತ ಭಾರ ಬೆನ್ನಿನಲ್ಲಿ ಹೊತ್ತದ್ದಕ್ಕಿಂತ ಸುಮಾರು ಐದು ಪಟ್ಟು ಹೆಚ್ಚು ದಣಿಸುತ್ತದೆ ಎಂದು ಸೇನೆಗಳಿಗಾಗಿ ನಡೆದ ಅಧ್ಯಯನಗಳು ತೋರಿಸಿವೆ. ಎ ದರ್ಜೆಯ ಹಾದಿಗೆ ಸಿ ದರ್ಜೆಯ ಬೂಟು ಶಿಕ್ಷೆಯೇ ಸರಿ.

ಕರ್ನಾಟಕದ ಬೆಟ್ಟಗಳಿಗೆ ಏನು ಬೇಕು ಎಂಬುದಕ್ಕೂ ಉತ್ತರ ಇಲ್ಲೇ ಸಿಗುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ, ಆ ನಿಷೇಧ ಇರಲೇಬೇಕು. ಉಳಿದದ್ದು ಚಾರಣ. ಮುಂಗಾರಿನ ಕುದುರೆಮುಖದಲ್ಲೋ ಕುಮಾರ ಪರ್ವತದಲ್ಲೋ ದಪ್ಪ ಚರ್ಮದ ಬೂಟು ನನ್ನ ಆಯ್ಕೆಯಲ್ಲ. ಮಳೆ ಮೇಲಿನಿಂದ ಇಳಿದು ಬೂಟಿನ ಕತ್ತಿನ ಮೂಲಕ ಒಳಸೇರುತ್ತದೆ. ಒಮ್ಮೆ ತೊಯ್ದ ಚರ್ಮ ಮಲೆನಾಡಿನ ತೇವದಲ್ಲಿ ದಿನಗಟ್ಟಲೆ ಒಣಗುವುದಿಲ್ಲ. ನೀರು ಬಸಿದುಹೋಗುವ ಹಗುರ ಶೂ, ಇಂಬಳಕ್ಕೆ ಉದ್ದನೆಯ ಕಾಲ್ಚೀಲ ಅಲ್ಲಿಗೆ ಸರಿ. ಚರ್ಮದ ಬೂಟಿನ ಯೋಗ್ಯತೆ ಕಾಣುವುದು ಹಿಮಾಲಯದ ಕಲ್ಲುರಾಶಿ ಮತ್ತು ಬೆಳಗಿನ ಗಟ್ಟಿ ಹಿಮದಲ್ಲಿ, ಮ್ಯೂನಿಕ್‌ನಂಥ ಊರುಗಳಲ್ಲಿ ನೆಲೆಸಿ ರಜೆಯಲ್ಲಿ ಆಲ್ಪ್ಸ್ ಏರುವ ಕನ್ನಡಿಗರ ಕಾಲಿನಲ್ಲಿ.

ನೀರು ತಡೆಯುವ ಒಳಪೊರೆಯ ವಿಚಾರದಲ್ಲಿ ಮಾರುವವರ ಮಾತನ್ನಷ್ಟೇ ನಂಬಬಾರದು. 1969ರಲ್ಲಿ ಬಾಬ್ ಗೋರ್ ಕಂಡುಹಿಡಿದ ವಸ್ತುವಿನಿಂದ ಬೆಳೆದ ಗೋರ್‌ಟೆಕ್ಸ್ ಪೊರೆ ಇಬ್ಬನಿ, ಹಿಮಕ್ಕೆ ನಿಜಕ್ಕೂ ಒಳ್ಳೆಯ ರಕ್ಷಣೆ. ಸೆಕೆಯಲ್ಲಿ ಮಾತ್ರ ಕಾಲು ಒಳಗೇ ಬೆವರುತ್ತದೆ. ವರ್ಷಗಳ ಬಳಕೆಯಲ್ಲಿ ಬೂಟಿನ ಮಿಕ್ಕ ಭಾಗಕ್ಕಿಂತ ಮೊದಲು ಈ ಪೊರೆ ಹರಿಯುತ್ತದೆ, ಅದನ್ನು ಬದಲಿಸಲು ಬರುವುದಿಲ್ಲ. ಒಳಗೂ ಚರ್ಮವೇ ಇರುವ ಬೂಟು ಬೆವರನ್ನು ಹೀರಿ, ರಾತ್ರಿ ಒಣಗಿ, ದಿನಕಳೆದಂತೆ ಪಾದದ ಆಕಾರಕ್ಕೆ ಬರುತ್ತದೆ. ಇನ್ನೊಂದು ಎಚ್ಚರ ನಡುಅಟ್ಟೆಯದು. ಮೆತ್ತಗಿನ ಪಾಲಿಯುರೆಥೇನ್ ಗಾಳಿಯ ತೇವದಿಂದಲೇ ನಿಧಾನಕ್ಕೆ ಒಡೆಯುವ ವಸ್ತು. ಬಳಸದೆ ಪೆಟ್ಟಿಗೆಯಲ್ಲಿಟ್ಟ ಬೂಟಿನಲ್ಲೂ ಅದು ವರ್ಷಗಳ ನಂತರ ಪುಡಿಪುಡಿಯಾಗಿ ಉದುರುತ್ತದೆ. ಆದ್ದರಿಂದ ಅಂಗಡಿಯಲ್ಲಿ ಉಳಿದ ಹಳೆಯ ಸರಕನ್ನು ಅರ್ಧ ಬೆಲೆಗೆ ಕೊಟ್ಟರೂ ತಯಾರಿಯ ವರ್ಷ ಕೇಳದೆ ಕೊಳ್ಳಬೇಡಿ.

ಇಷ್ಟೆಲ್ಲ ಸರಿಯಿದ್ದೂ ಅಳತೆ ತಪ್ಪಿದರೆ ಬೂಟು ಕಚ್ಚುತ್ತದೆ, ಒಂದು ಬೊಬ್ಬೆ ಇಡೀ ಚಾರಣವನ್ನು ನಿಲ್ಲಿಸುತ್ತದೆ. ದಿನದ ಕೊನೆಗೆ ಪಾದ ತುಸು ಊದಿರುವುದರಿಂದ ಸಂಜೆ ಅಂಗಡಿಗೆ ಹೋಗಿ. ಬೆಟ್ಟದಲ್ಲಿ ಹಾಕುವ ಉಣ್ಣೆಯ ಕಾಲ್ಚೀಲವನ್ನೇ ಒಯ್ಯಿರಿ. ಲೇಸ್ ಕಟ್ಟುವ ಮೊದಲು ಪಾದವನ್ನು ಮುಂದಕ್ಕೆ ತಳ್ಳಿದಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ಹಿಡಿಯಬೇಕು. ಕಟ್ಟಿದ ಮೇಲೆ ಹಿಮ್ಮಡಿ ಮೇಲೇಳಬಾರದು. ಇಳಿಜಾರು ಹಲಗೆಯೋ ಮೆಟ್ಟಿಲೋ ಇದ್ದರೆ ಇಳಿದು ನೋಡಿ, ಹೆಬ್ಬೆರಳು ಮುಂದೆ ತಾಗಿದರೆ ಆ ಜೋಡಿಯನ್ನು ಬಿಡಿ. ಒಂದೊಂದು ಕಂಪನಿಯ ಅಚ್ಚು ಒಂದೊಂದು ಬಗೆ, ಅಗಲ ಪಾದದವರಿಗೆ ಬೇರೆ ಅಚ್ಚಿನವೂ ಸಿಗುತ್ತವೆ. ನಮ್ಮಲ್ಲಿ ಬಹಳ ಜನ ಚಪ್ಪಲಿಯಲ್ಲಿ, ಬರಿಗಾಲಿನಲ್ಲಿ ಬೆಳೆದವರು, ಪಾದದ ಮುಂಭಾಗ ಅಗಲ. ಅಂಥವರು ಉದ್ದ ಹೆಚ್ಚಿಸಿಕೊಳ್ಳುವುದು ಬಿಟ್ಟು ಅಗಲದ ಅಚ್ಚನ್ನೇ ಕೇಳಬೇಕು. ಬೆಟ್ಟ ಏರುವಾಗ ಕಣಕಾಲಿನ ಬಳಿ ಲೇಸ್ ತುಸು ಸಡಿಲವಿರಲಿ, ಇಳಿಯುವ ಮೊದಲು ನಿಂತು ಬಿಗಿಮಾಡಿ.

ಆರೈಕೆಗೆ ಹೆಚ್ಚೇನೂ ಬೇಡ. ಕೆಸರನ್ನು ಬ್ರಷ್ಷಿನಿಂದ ತೊಳೆದು, ಒಳಗೆ ಹಳೆಯ ಪತ್ರಿಕೆ ತುರುಕಿ, ನೆರಳಿನಲ್ಲಿ ಒಣಗಿಸಿ, ತೆಳ್ಳಗೆ ಮೇಣ ಹಚ್ಚಿ. ಒಲೆ, ಬೆಂಕಿ, ಹೀಟರಿನ ಹತ್ತಿರ ಇಟ್ಟರೆ ಚರ್ಮ ಸೆಟೆದು ಬಿರಿಯುತ್ತದೆ, ಬಿರಿದ ಚರ್ಮವನ್ನು ಯಾವ ಮೇಣವೂ ಕೂಡಿಸಲಾರದು.

ಹಿಮಾಲಯಕ್ಕೆ ಹೊರಡುವವರು ರೈಲಿನ ಟಿಕೆಟ್ ಕಾಯ್ದಿರಿಸಿದ ವಾರದಲ್ಲೇ ಬೂಟನ್ನೂ ಕೊಂಡುಬಿಡಿ. ದಪ್ಪ ಚರ್ಮ ಕಾಲಿಗೆ ಒಗ್ಗಲು ವಾರಗಳೇ ಬೇಕು. ಮೊದಲು ಮನೆಯೊಳಗೆ, ಆಮೇಲೆ ಬೀದಿಯಲ್ಲಿ, ಆಮೇಲೆ ನಂದಿಬೆಟ್ಟದಂಥ ಹತ್ತಿರದ ಗುಡ್ಡದಲ್ಲಿ ಹೊರೆ ಹೊತ್ತು ನಡೆಯಿರಿ. ಹಣ ಕೊಡುವ ಮೊದಲು ಅಂಗಡಿಯವರನ್ನು ಒಂದು ಪ್ರಶ್ನೆ ಕೇಳಿ: ಅಟ್ಟೆ ಸವೆದಾಗ ಹೊಸದನ್ನು ಹಾಕಿಕೊಡುತ್ತೀರಾ? ಇಲ್ಲವೆಂದರೆ ಆ ಬೂಟಿಗೆ ಅಷ್ಟು ಬೆಲೆ ತೆರಬೇಡಿ.